ತೇಲಬೇಕು, ಕಚ್ಚಲೂ ಬೇಕು

ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾ, ಅಂದರೆ ಕೇಬಲ್ ಕಾರ್, ಎರಡು ಹಂತದ್ದು. 1998ರಲ್ಲಿ ಓಡಾಟ ಶುರುಮಾಡಿದ ಮೊದಲ ಹಂತ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್ ಬಯಲಿನಿಂದ ಕೊಂಗ್ಡೂರಿಗೆ ಕರೆದೊಯ್ಯುತ್ತದೆ. 2005ರಲ್ಲಿ ಸೇರಿದ ಎರಡನೇ ಹಂತ 3,900 ಮೀಟರ್ ದಾಟಿ ಅಫರ್ವತ್ ಬೆಟ್ಟದ ಹೆಗಲ ಮೇಲೆ ಇಳಿಸುತ್ತದೆ. ಬೇಸಿಗೆ ರಜೆಗೆ ನಮ್ಮ ಕಡೆಯಿಂದ ಹೋದವರು ಅಲ್ಲಿ ಬಾಡಿಗೆ ಗಂಬೂಟು ತೊಟ್ಟು ನಾಲ್ಕು ಹೆಜ್ಜೆ ಓಡಾಡಿ, ಫೋಟೊ ಹೊಡೆಸಿಕೊಂಡು, ಅದೇ ಗೊಂಡೋಲಾದಲ್ಲಿ ವಾಪಸಾಗುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಬರುವ ಇನ್ನೊಂದು ಬಗೆಯವರಿಗೆ ವಾಪಸ್ ಸವಾರಿ ಬೇಡವೇ ಬೇಡ. ಸ್ನೋಬೋರ್ಡ್ ಎಂಬ, ಒಂದೂವರೆ ಮೀಟರಿಗಿಂತ ತುಸು ಉದ್ದದ ಹಲಗೆಗೆ ಎರಡೂ ಕಾಲು ಬಿಗಿದುಕೊಂಡು, ಬೆಟ್ಟದ ಮೈಮೇಲೆ ತಮಗೆ ತೋಚಿದ ದಾರಿ ಹಿಡಿದು 1,300 ಮೀಟರ್ ಕೆಳಗಿಳಿಯಲು ಅವರು ಬಂದಿರುತ್ತಾರೆ.

ಇದಕ್ಕೆ ಫ್ರೀರೈಡ್ ಎನ್ನುತ್ತಾರೆ. ಇಲ್ಲಿ ಯಂತ್ರ ಹಾಯಿಸಿ ಸಮ ಮಾಡಿದ ಇಳಿಜಾರಿಲ್ಲ, ಬಾವುಟ ನೆಟ್ಟ ಓಣಿಯಿಲ್ಲ. ಸ್ಪರ್ಧೆಯ ಹಾಫ್‌ಪೈಪ್‌ಗೆ, ಅಂದರೆ ಅರೆಕೊಳವೆಯಾಕಾರದ ಹಿಮದ ಓಣಿಗೆ, ಬೋರ್ಡ್ ಮಾಡುವವನಿಗೆ ಅದು ಎಂಥ ನೆಲದ ಮೇಲೆ ಓಡುತ್ತದೆಂದು ಮೊದಲೇ ಗೊತ್ತಿರುತ್ತದೆ. ಫ್ರೀರೈಡ್ ಬೋರ್ಡ್ ಮಾಡುವವನಿಗೆ ಆ ಭಾಗ್ಯವಿಲ್ಲ. ಅಫರ್ವತ್‌ನ ನೆತ್ತಿಯಿಂದ ಕೆಳಗಿನ ಪೈನ್ ಕಾಡಿನವರೆಗಿನ ಒಂದೇ ಇಳಿತದಲ್ಲಿ ಹಿಮ ನಾಲ್ಕೈದು ಸಲ ಜಾತಿ ಬದಲಿಸುತ್ತದೆ. ಮೆತ್ತನೆಯ ಹಿಮದಲ್ಲಿ ಹಲಗೆ ತೇಲಬೇಕು. ಗಟ್ಟಿ ಹಿಮದಲ್ಲಿ ಅದರ ಅಂಚು ಕಚ್ಚಬೇಕು. ತೇಲಲು ಬೇಕಾದ ಆಕಾರ ಕಚ್ಚುವುದಕ್ಕೆ ಅಡ್ಡಿ, ಕಚ್ಚಲು ಬೇಕಾದ್ದು ತೇಲುವುದಕ್ಕೆ ಅಡ್ಡಿ. ಫ್ರೀರೈಡ್ ಬೋರ್ಡಿನ ಉದ್ದ, ಅಗಲ, ಬಾಗು, ಬಿಗಿ ಎಲ್ಲವೂ ಈ ಜಗಳದಲ್ಲಿ ನಡೆದ ಚೌಕಾಸಿಯ ಫಲ.

ಮೊದಲು ಹಿಮದ ಮಾತು. ಗಾಳಿಯಿಲ್ಲದ ಚಳಿರಾತ್ರಿಯಲ್ಲಿ ಬಿದ್ದ ಹೊಸ ಹಿಮ ಘನಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಅದರ ಗಾತ್ರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರೀ ಗಾಳಿ. ಅದೇ ಹಿಮವನ್ನು ಬಿರುಗಾಳಿ ಹೊತ್ತೊಯ್ದು ಬಡಿದು ಕೂರಿಸಿದರೆ ಘನಮೀಟರಿಗೆ 300, 400 ಕಿಲೋ ಆಗುತ್ತದೆ. ಗಟ್ಟಿ ಮಂಜುಗಡ್ಡೆ 917 ಕಿಲೋ. ಹರಳಿನ ಆಕಾರವೂ ಒಂದೇ ಬಗೆಯದಲ್ಲ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಪ್ರಯೋಗಾಲಯದ ಶೀತಕೋಣೆಯಲ್ಲಿ, ಮೊಲದ ಕೂದಲೊಂದರ ತುದಿಯಲ್ಲಿ, ಕೃತಕ ಹಿಮದ ಹರಳನ್ನು ಬೆಳೆಸಿದರು. ಹರಳು ಸೂಜಿಯಾಗುತ್ತದೋ ತಟ್ಟೆಯಾಗುತ್ತದೋ ಕವಲೊಡೆದ ನಕ್ಷತ್ರವಾಗುತ್ತದೋ ಎಂಬುದನ್ನು ಅಲ್ಲಿನ ಉಷ್ಣತೆ ಮತ್ತು ತೇವಾಂಶ ತೀರ್ಮಾನಿಸುತ್ತವೆ ಎಂದು ಅವರು ನಕ್ಷೆ ಬರೆದು ತೋರಿಸಿದರು. ಮೈನಸ್ 15 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಯುವ ಕವಲು ನಕ್ಷತ್ರಗಳು ಬೀಳುವಾಗ ಒಂದರ ಕೈಯೊಳಗೊಂದು ಕೈ ಸಿಕ್ಕಿಸಿಕೊಂಡು, ನಡುವೆ ಗಾಳಿ ಹಿಡಿದಿಟ್ಟುಕೊಂಡು ಕೂರುತ್ತವೆ. ಸವಾರರು ಹಂಬಲಿಸುವ ಪೌಡರ್ ಇದೇ.

ಬಿದ್ದ ಮೇಲೂ ಹಿಮ ಸುಮ್ಮನಿರುವುದಿಲ್ಲ. ಮೈನಸ್ 10 ಡಿಗ್ರಿ ನಮಗೆ ಭಯಂಕರ ಚಳಿ, ಆದರೆ ಹಿಮದ ಲೆಕ್ಕದಲ್ಲಿ ಅದು ಕೆಂಡದಂಥ ಬಿಸಿ. ಕೆಲ್ವಿನ್ ಮಾಪನದಲ್ಲಿ ಅದು 263, ಹಿಮ ಕರಗುವುದು 273ಕ್ಕೆ. ಕಬ್ಬಿಣವನ್ನು ಅದರ ಕರಗುವ ಬಿಂದುವಿಗೆ ಇದೇ ಅನುಪಾತದಲ್ಲಿ ಹತ್ತಿರ ತರಬೇಕಾದರೆ ಸುಮಾರು 1,470 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕಾಗುತ್ತದೆ. ಹಾಗಾಗಿ ಹರಳುಗಳು ತಾಗಿದ ಕಡೆಯೆಲ್ಲ ಬೆಸೆದುಕೊಳ್ಳುತ್ತ ಹೋಗುತ್ತವೆ. ಪುಡಿ ಮಾಡಿಟ್ಟ ಬೆಲ್ಲ ಮಳೆಗಾಲದಲ್ಲಿ ಡಬ್ಬಿಯೊಳಗೇ ಹೆಂಟೆಯಾಗುವ ಹಾಗೆ, ನಿನ್ನೆಯ ಪೌಡರ್ ಇವತ್ತು ಗಟ್ಟಿ, ನಾಳೆ ಇನ್ನೂ ಗಟ್ಟಿ. ಗಾಳಿ, ಬಿಸಿಲು, ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವುದು, ಇವೆಲ್ಲ ಈ ಬೆಸುಗೆಯನ್ನು ಒಂದೊಂದು ಕಡೆ ಒಂದೊಂದು ವೇಗದಲ್ಲಿ ನಡೆಸುತ್ತವೆ.

ಈಗ ಹಲಗೆ. ಒಳಗೆ ಪಾಪ್ಲರ್, ಪೌಲೋನಿಯಾ ಅಥವಾ ಬಿದಿರಿನ ಪಟ್ಟಿಗಳನ್ನು ಅಂಟಿಸಿದ ತಿರುಳು. ಅದರ ಮೇಲೊಂದು ಕೆಳಗೊಂದು ಗಾಜಿನಾರಿನ ಹೊದಿಕೆ, ದುಬಾರಿ ಬೋರ್ಡುಗಳಲ್ಲಿ ಜೊತೆಗೆ ಕಾರ್ಬನ್ ಎಳೆ. ತಳಕ್ಕೆ ಪಾಲಿಎಥಿಲೀನ್ ಹಾಳೆ, ಸುತ್ತ ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ಅಂಚು. ಮೇಲಿನಿಂದ ನೋಡಿದರೆ ನಡು ಸಣ್ಣ, ಮೂತಿ ಮತ್ತು ಬಾಲ ಅಗಲ. ನಡುವಿನ ಈ ಒಳಬಾಗಿಗೆ ಸೈಡ್‌ಕಟ್ ಎನ್ನುತ್ತಾರೆ. ನೋಡಿದರೆ ಇಷ್ಟೇನಾ ಅನ್ನಿಸುತ್ತದೆ.

ಗೊಂಡೋಲಾದ ಬಾಗಿಲು ತೆರೆದ ತಕ್ಷಣ ಎದುರಾಗುವುದು ದಿಣ್ಣೆ. ಅಲ್ಲಿ ಗಾಳಿ ಹೊಸ ಹಿಮವನ್ನು ನಿಲ್ಲಗೊಡುವುದಿಲ್ಲ. ಉಳಿದದ್ದು ಬಡಿಸಿಕೊಂಡು ಕಲ್ಲಾದ ಹಿಮ, ಕೆಲವೆಡೆ ನುಣ್ಣನೆಯ ಮಂಜುಗಡ್ಡೆ. ಇಲ್ಲಿ ಬೋರ್ಡಿನ ತಳಕ್ಕೆ ಕೆಲಸವಿಲ್ಲ, ಎಲ್ಲವೂ ಅಂಚಿನದೇ. ಬೂಟು, ಬಟ್ಟೆ, ಬೆನ್ನಚೀಲ ಸೇರಿ 80 ಕಿಲೋ ತೂಗುವ ಸವಾರ 38 ಡಿಗ್ರಿಯ ಇಳಿಜಾರಿನಲ್ಲಿ ಅಡ್ಡಲಾಗಿ ನಿಂತರೆ, ಅವನನ್ನು ಕೆಳಕ್ಕೆಳೆಯುವ ಬಲ ಸುಮಾರು 49 ಕಿಲೋ ತೂಕದಷ್ಟು. ಅದಷ್ಟನ್ನೂ ತಡೆದು ನಿಲ್ಲಿಸಬೇಕಾದ್ದು ಹಿಮದೊಳಗೆ ಮಿಲಿಮೀಟರುಗಳ ಲೆಕ್ಕದಲ್ಲಿ ಇಳಿದ 120 ಸೆಂಟಿಮೀಟರ್ ಉದ್ದದ ಉಕ್ಕಿನ ಗೆರೆ. ಅನುಭವಿಗಳು ಇಳಿಯುವ ಮುನ್ನ ಹೆಬ್ಬೆರಳ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆದು ನೋಡುತ್ತಾರೆ. ಉಗುರಿನಿಂದ ಬಿಳಿ ಹೊಟ್ಟು ಎದ್ದರೆ ಅಂಚು ಹರಿತವಾಗಿದೆ ಎಂದರ್ಥ. ಏಳದಿದ್ದರೆ ಅರವನ್ನು ಕೈಗೆತ್ತಿಕೊಳ್ಳಬೇಕು.

ಅಂಚು ಕಚ್ಚಿತು, ತಿರುಗುವುದು ಹೇಗೆ? ಅದಕ್ಕೇ ಸೈಡ್‌ಕಟ್ ಇರುವುದು. ಫ್ರೀರೈಡ್ ಬೋರ್ಡಿನ ಸೈಡ್‌ಕಟ್ ಸಾಮಾನ್ಯವಾಗಿ ಏಳರಿಂದ ಒಂಬತ್ತು ಮೀಟರ್ ತ್ರಿಜ್ಯದ ವೃತ್ತದ ತುಣುಕು. ಎಂಟು ಮೀಟರ್ ಎಂದಿಟ್ಟುಕೊಂಡರೆ, 120 ಸೆಂಟಿಮೀಟರ್ ಅಂಚಿನ ನಟ್ಟನಡುವೆ ಒಳಬಾಗು ಎರಡೂಕಾಲು ಸೆಂಟಿಮೀಟರ್ ಮಾತ್ರ. ಬೋರ್ಡನ್ನು ಓರೆ ಮಾಡಿ ಭಾರ ಹಾಕಿದಾಗ ಆ ಸಂದು ತುಂಬುವವರೆಗೆ ಹಲಗೆ ಬಾಗುತ್ತದೆ, ಹಿಮದಲ್ಲಿ ಕಮಾನು ಕೊರೆಯುತ್ತ ತಾನೇ ತಿರುಗುತ್ತದೆ. ತಿರುವಿನ ತ್ರಿಜ್ಯ ಸೈಡ್‌ಕಟ್ ತ್ರಿಜ್ಯವನ್ನು ಓರೆಕೋನದ ಕೊಸೈನ್‌ನಿಂದ ಗುಣಿಸಿದಷ್ಟು. 45 ಡಿಗ್ರಿ ಓರೆಯಾದರೆ ಎಂಟು ಮೀಟರ್ 5.7ಕ್ಕೆ ಇಳಿಯುತ್ತದೆ, 60 ಡಿಗ್ರಿಗೆ ನಾಲ್ಕು ಮೀಟರ್. ಪಿಯುಸಿಯಲ್ಲಿ ತ್ರಿಕೋನಮಿತಿ ಯಾಕಾದರೂ ಓದಬೇಕು ಎಂದು ಕೇಳಿದವರಿಗೆಲ್ಲ ಇದನ್ನು ತೋರಿಸಬಹುದು. ಆದರೆ ಸೂತ್ರ ನಡೆಯುವುದು ಹಿಮ ಗಟ್ಟಿಯಾಗಿದ್ದು ಅಂಚು ಜಾರದಿದ್ದಾಗ. ಅಂಚಿನಡಿಯ ಹಿಮ ಪುಡಿಯಾಗಿ ಕಿತ್ತುಬಂದರೆ ಬೋರ್ಡು ಅಡ್ಡಡ್ಡ ಜಾರುತ್ತದೆ. ಮರ್ವಿನ್ ಕಂಪನಿಯವರು ತಮ್ಮ ಲಿಬ್ ಟೆಕ್ ಬೋರ್ಡುಗಳ ಅಂಚನ್ನು ನೇರವಾಗಿಡದೆ ಅಲೆ ಅಲೆಯಾಗಿ ಮಾಡಿದ್ದು ಇದಕ್ಕೇ. ಅಲೆಯ ಉಬ್ಬುಗಳಲ್ಲಿ ಭಾರ ಒಟ್ಟುಗೂಡಿ, ಅಷ್ಟಷ್ಟು ಜಾಗದಲ್ಲಿ ಅಂಚು ಆಳಕ್ಕೆ ಇಳಿಯುತ್ತದೆ.

ಬಾಗಿನ ವಿಚಾರ ಇನ್ನೂ ಇದೆ. ಬೋರ್ಡನ್ನು ಸಮನೆಲದ ಮೇಲಿಟ್ಟು ಪಕ್ಕದಿಂದ ನೋಡಿದರೆ ಹಳೆಯ ಮಾದರಿಯಲ್ಲಿ ನಡುಭಾಗ ಕೆಲವು ಮಿಲಿಮೀಟರ್ ಮೇಲೆದ್ದಿರುತ್ತದೆ. ಇದು ಕ್ಯಾಂಬರ್. ಸವಾರ ನಿಂತಾಗ ಅದು ಚಪ್ಪಟೆಯಾಗುತ್ತ ತನ್ನ ಬಿಗಿಯಿಂದ ಮೂತಿ ಮತ್ತು ಬಾಲವನ್ನು ಹಿಮಕ್ಕೆ ಒತ್ತುತ್ತದೆ, ಇಡೀ ಅಂಚು ಕೆಲಸ ಮಾಡುತ್ತದೆ. ರಾಕರ್ ಇದರ ತದ್ವಿರುದ್ಧ. ಮೂತಿ, ಬಾಲಗಳು ಮೊದಲೇ ಮೇಲಕ್ಕೆದ್ದಿರುತ್ತವೆ. ಅಂಥ ಬೋರ್ಡು ದಿಣ್ಣೆಯ ಗಟ್ಟಿ ಹಿಮಕ್ಕೆ ಬಂದರೆ ಭಾರವೆಲ್ಲ ಪಾದದಡಿಗೆ ಬಂದು, ಎದ್ದ ತುದಿಗಳು ಪಟಪಟ ಬಡಿದುಕೊಳ್ಳುತ್ತವೆ.

ಗಾಳಿ ಕೊರೆದ ಹಿಮದ ಮೇಲೆ ಇನ್ನೊಂದು ಕಾಟವಿದೆ. ಗಾಳಿ ಹಿಮದಲ್ಲಿ ಸಾಲುಸಾಲು ಏಣುಗಳನ್ನು ಕೆತ್ತುತ್ತದೆ. ಅರ್ಧ ಮೀಟರಿಗೊಂದು ಏಣಿದ್ದು ಸವಾರ ಸೆಕೆಂಡಿಗೆ 15 ಮೀಟರ್ ವೇಗದಲ್ಲಿದ್ದರೆ ಬೋರ್ಡಿಗೆ ಸೆಕೆಂಡಿಗೆ 30 ಪೆಟ್ಟು. ಹಲಗೆ ನಡುಗುತ್ತದೆ, ನಡುಗಿದಾಗಲೆಲ್ಲ ಅಂಚು ಹಿಮ ಬಿಡುತ್ತದೆ. ಇಲ್ಲಿ ಉದ್ದನೆಯ, ತೂಕದ, ಬಿಗಿಯಾದ ಬೋರ್ಡೇ ವಾಸಿ. ಕೆಲವು ತಯಾರಕರು ಅಂಚಿನ ಉದ್ದಕ್ಕೂ ಒಳಗೊಂದು ರಬ್ಬರ್ ಪಟ್ಟಿ ಸೇರಿಸುತ್ತಾರೆ. ಕಂಪನದ ಶಕ್ತಿ ಅದರಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅಂಗಡಿಯಲ್ಲಿ ಎತ್ತಿ ನೋಡಿ “ಎಷ್ಟು ಹಗುರ!” ಎಂದು ಮೆಚ್ಚಿ ಕೊಂಡ ಬೋರ್ಡು ದಿಣ್ಣೆಯ ಮೇಲೆ ಹಲ್ಲು ಕಟಕಟ ಅನ್ನಿಸುತ್ತದೆ.

ದಿಣ್ಣೆಯಿಂದ ನೂರಿನ್ನೂರು ಮೀಟರ್ ಇಳಿದು ಬೋಗುಣಿಯಂಥ ಕಣಿವೆಗೆ ಹೊಕ್ಕರೆ ಲೋಕವೇ ಬೇರೆ. ಮೇಲಿಂದ ಗಾಳಿ ಕಿತ್ತು ತಂದ ಹಿಮವೂ ಆಕಾಶದಿಂದ ಬಿದ್ದದ್ದೂ ಇಲ್ಲಿ ನಿಂತಿರುತ್ತದೆ. ಬೂಟುಗಾಲಿನಲ್ಲಿ ನಡೆದರೆ ತೊಡೆಮಟ್ಟ ಹೂತುಹೋಗುವ ಕಡೆ ಬೋರ್ಡಿನವನು ಮೇಲೆ ಹಾರಿದಂತೆ ಸಾಗುತ್ತಾನೆ. ಕಾರಣದಲ್ಲಿ ಒಂದು ಭಾಗ ಸರಳ ಲೆಕ್ಕ: 80 ಕಿಲೋ ಭಾರ 160 ಸೆಂಟಿಮೀಟರ್ ಬೋರ್ಡಿನ ಸುಮಾರು 4,000 ಚದರ ಸೆಂಟಿಮೀಟರ್ ತಳಕ್ಕೆ ಹಂಚಿದರೆ ಚದರ ಸೆಂಟಿಮೀಟರಿಗೆ ಬರುವುದು 20 ಗ್ರಾಂ. ಒಂದು ಬೂಟಿನ ಅಟ್ಟೆಯ ಮೇಲೆ ನಿಂತರೆ ಅದರ ಹದಿಮೂರು ಪಟ್ಟು.

ಆದರೂ ನಿಂತರೆ ಬೋರ್ಡೂ ಹೂಳುತ್ತದೆ. ತೇಲಿಸುವುದು ವೇಗ. ಮೂತಿ ತುಸು ಮೇಲೆತ್ತಿದ ಹಲಗೆ ಮುನ್ನುಗ್ಗುವಾಗ ಎದುರಿನ ಹಿಮವನ್ನು ಕೆಳಕ್ಕೆ ತಳ್ಳುತ್ತದೆ, ಹಿಮ ತಿರುಗಿ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ಘನಮೀಟರಿಗೆ 80 ಕಿಲೋದ ಪೌಡರ್‌ನಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗಕ್ಕೆ ಈ ಒತ್ತಡ ಒರಟು ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 10 ಗ್ರಾಂ, ಬೇಕಾದ್ದರ ಅರ್ಧ. ವೇಗ 36ಕ್ಕೆ ಏರಿದರೆ ಒತ್ತಡ ನಾಲ್ಕು ಪಟ್ಟಾಗಿ 40 ಗ್ರಾಂ. ಪೌಡರ್‌ಗೆ ಹೊಸಬರು ಹೆದರಿ ನಿಧಾನಿಸುತ್ತಾರೆ, ನಿಧಾನಿಸಿದ್ದಕ್ಕೇ ಮುಳುಗುತ್ತಾರೆ.

ಈ ತೇಲಾಟದಲ್ಲಿ ಹಿಮದೊಳಗಿನ ಗಾಳಿಯ ಪಾತ್ರವೂ ಇದೆ. ಅದನ್ನು ಲೆಕ್ಕಕ್ಕೆ ತಂದವರು ಹಿಮದ ತಜ್ಞರಲ್ಲ, ರಕ್ತನಾಳಗಳನ್ನು ಅಧ್ಯಯನ ಮಾಡುತ್ತಿದ್ದವರು ಎಂಬುದು ವಿಜ್ಞಾನದ ಸೋಜಿಗಗಳಲ್ಲೊಂದು. ನ್ಯೂಯಾರ್ಕಿನ ಸಿಟಿ ಕಾಲೇಜಿನ ಶೆಲ್ಡನ್ ವೈನ್‌ಬಾಮ್ ಮತ್ತು ಸಂಗಡಿಗರು, ಅತಿ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯ ಮೆದು ಪದರದ ಮೇಲೆ ಕೆಂಪು ರಕ್ತಕಣ ಹೇಗೆ ತಾಗದೆ ಜಾರುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದರು. ಆ ಪದರದ ರಂಧ್ರಗಳಲ್ಲಿ ಸಿಕ್ಕ ದ್ರವ ಹೊರಹೋಗಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಕಣ ಮುಂದೆ ಹೋಗಿರುತ್ತದೆ. ಹಾಗಾಗಿ ಅದರ ಭಾರವನ್ನು ದ್ರವದ ಒತ್ತಡವೇ ಹೊರುತ್ತದೆ. ಇದೇ ಗಣಿತವನ್ನು ಅವರು 2000ದಲ್ಲಿ ಸ್ಕೀಗೆ, 2004ರಲ್ಲಿ ಸ್ನೋಬೋರ್ಡಿಗೆ ಅನ್ವಯಿಸಿ ಪ್ರಕಟಿಸಿದರು. ಹಿಮದೊಳಗಿನ ಗಾಳಿಗೆ ಅಗಲವಾದ ಬೋರ್ಡಿನಡಿಯಿಂದ ತಪ್ಪಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಬೋರ್ಡು ಆ ಜಾಗ ದಾಟುವವರೆಗೆ ಸಿಕ್ಕಿಬಿದ್ದ ಗಾಳಿಯೂ ಭಾರದಲ್ಲಿ ಪಾಲು ಹೊರುತ್ತದೆ. ಸ್ಕೀಗಿಂತ ಬೋರ್ಡು ಅಗಲ, ಅಂಚಿನ ಕಡೆಗೆ ಗಾಳಿ ಸಾಗಬೇಕಾದ ದೂರ ಹೆಚ್ಚು. ಹಾಗಾಗಿ ಈ ಸಹಾಯ ಬೋರ್ಡಿಗೆ ಹೆಚ್ಚು ಸಿಗುತ್ತದೆ.

ಸ್ನೋಬೋರ್ಡಿನ ಚರಿತ್ರೆ ಶುರುವಾದದ್ದೂ ತೇಲುವ ಆಸೆಯಿಂದಲೇ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್‌ನಲ್ಲಿ ಶೆರ್ಮನ್ ಪೊಪೆನ್ ಎಂಬಾತ ಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ‘ಸ್ನರ್ಫರ್’ ಮಾಡಿದ. 1970ರ ದಶಕದಲ್ಲಿ ಡಿಮಿಟ್ರಿಯೆ ಮಿಲೊವಿಚ್ ಯೂಟಾದ ಒಣ ಹಿಮಕ್ಕೆಂದು ಸೀಳುಬಾಲದ ವಿಂಟರ್‌ಸ್ಟಿಕ್ ಬೋರ್ಡುಗಳನ್ನು ಕಡಲಲೆಯ ಸರ್ಫ್‌ಬೋರ್ಡಿನ ಮಾದರಿಯಲ್ಲಿ ಕಟ್ಟಿದ. ಬಾಲ ಸೀಳಿದ್ದರಿಂದ ಹಿಂಭಾಗ ಮುಳುಗಿ ಮೂತಿ ತಾನಾಗಿ ಮೇಲೇಳುತ್ತಿತ್ತು. ಆಮೇಲೆ ಜೇಕ್ ಬರ್ಟನ್ ಕಾರ್ಪೆಂಟರ್, ಟಾಮ್ ಸಿಮ್ಸ್ ಮೊದಲಾದ ಬೋರ್ಡು ತಯಾರಕರ ಕಾಲದಲ್ಲಿ ಉಕ್ಕಿನ ಅಂಚು, ಬೂಟನ್ನು ಬೋರ್ಡಿಗೆ ಕಟ್ಟುವ ಬಿಗಿ ಬೈಂಡಿಂಗ್ ಬಂದವು, ಬೋರ್ಡು ರೆಸಾರ್ಟಿನ ಗಟ್ಟಿ ಹಿಮಕ್ಕೆ ಹೊಂದಿಕೊಂಡಿತು. ಕ್ರೀಡೆ 1998ರಲ್ಲಿ ನಾಗಾನೊ ಒಲಿಂಪಿಕ್ಸ್ ಮುಟ್ಟಿತು. ಅದೇ ವರ್ಷ ಹೊಕ್ಕೈಡೊದ ನಿಸೆಕೊದಲ್ಲಿ ತಾರೊ ತಮಾಯ್ ತಮ್ಮ ಜೆಂಟೆಮ್‌ಸ್ಟಿಕ್ ಬೋರ್ಡುಗಳ ಮೂಲಕ ಹಳೆಯ ಸರ್ಫ್ ಆಕಾರಗಳಿಗೆ ಮರಳಿದರು. ಇಂದಿನ ಫ್ರೀರೈಡ್ ಬೋರ್ಡು ಈ ಎರಡೂ ಕವಲುಗಳ ಕೂಸು.

ಆ ವಂಶಾವಳಿ ಅದರ ಮೈಯಲ್ಲೇ ಕಾಣುತ್ತದೆ. ಮೂತಿಯಲ್ಲಿ ರಾಕರ್, ಕಾಲಡಿಯಲ್ಲಿ ಕ್ಯಾಂಬರ್. ಬಾಲಕ್ಕಿಂತ ಮೂತಿ ಒಂದೆರಡು ಸೆಂಟಿಮೀಟರ್ ಅಗಲ. ಇದಕ್ಕೆ ಟೇಪರ್ ಎನ್ನುತ್ತಾರೆ. ಬೈಂಡಿಂಗ್ ಕೂರಿಸುವ ತೂತುಗಳು ನಡುವಿನಿಂದ ಎರಡು, ಮೂರು ಸೆಂಟಿಮೀಟರ್ ಹಿಂದೆ. ಅಗಲ ಮೂತಿ ತೇಲುತ್ತದೆ, ಕಿರಿದಾದ ಬಾಲ ಮುಳುಗುತ್ತದೆ, ಹಿಂದೆ ನಿಂತವನ ಭಾರ ಎರಡಕ್ಕೂ ಒತ್ತಾಸೆಯಾಗುತ್ತದೆ. ಇದಿಲ್ಲದ ಸಮಾನ ತುದಿಗಳ ಬೋರ್ಡಿನಲ್ಲಿ ಆಳ ಪೌಡರ್‌ಗಿಳಿದವನು ಮೂತಿ ಹೂಳದಂತೆ ಹಿಂಗಾಲಿನ ಮೇಲೇ ಭಾರ ಹಾಕಿ, ಹತ್ತು ನಿಮಿಷದಲ್ಲಿ ತೊಡೆ ಉರಿಸಿಕೊಳ್ಳುತ್ತಾನೆ.

ಬೋಗುಣಿಯ ಕೆಳತುದಿ ಕಿರಿದಾಗಿ ತೊರೆಯ ಹಳ್ಳವಾಗುತ್ತದೆ. ಎರಡು ದಂಡೆಗಳ ನಡುವೆ ಓಲಾಡುತ್ತ ಇಳಿಯುವುದು ನೋಡಲು ಸುಲಭ, ಕಾಲಿಗೆ ಅಲ್ಲ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ 15 ಮೀಟರ್ ತ್ರಿಜ್ಯದ ದಂಡೆ ಹತ್ತಿದರೆ ಸವಾರನ ಮೇಲೆ ಅವನದೇ ತೂಕದಷ್ಟು ಹೆಚ್ಚುವರಿ ಬಲ ಬೀಳುತ್ತದೆ. ಆ ಹೊತ್ತಿನಲ್ಲಿ ಬಾಲ ಮೆತ್ತಗಿದ್ದರೆ ಬೋರ್ಡು ಮಡಚಿದಂತಾಗಿ ಸವಾರ ಹಿಂದಕ್ಕೆ ಬೀಳುತ್ತಾನೆ. ಫ್ರೀರೈಡ್ ಬೋರ್ಡುಗಳ ಬಾಲ ಮೂತಿಗಿಂತ ಬಿಗಿಯಾಗಿರುವುದು ಇದಕ್ಕೇ.

ಅಲ್ಲಿಂದ ಕೆಳಗೆ ಭೂರ್ಜ ಮರಗಳು. ಕಾಗದ ಬರುವ ಮುಂಚೆ ಕಾಶ್ಮೀರದ ಪಂಡಿತರು ಇವುಗಳ ತೊಗಟೆಯ ಮೇಲೇ ಗ್ರಂಥ ಬರೆದಿದ್ದು. ಇನ್ನೂ ಕೆಳಗೆ ಪೈನ್, ಫರ್ ಮರಗಳ ದಟ್ಟ ಕಾಡು. ನೆರಳು, ಗಾಳಿಯ ಮರೆ ಎರಡೂ ಇರುವುದರಿಂದ ಹಿಮ ಇಲ್ಲಿ ಹಲವು ದಿನ ಮೆತ್ತಗೇ ಉಳಿಯುತ್ತದೆ. ಆದರೆ ಮರದಿಂದ ಮರಕ್ಕೆ ಮೂರ್ನಾಲ್ಕು ಮೀಟರ್ ಅಂತರವಿರುವಲ್ಲಿ ದಿಣ್ಣೆಯ ಮೇಲೆ ಕಾಪಾಡಿದ ಉದ್ದ, ಬಿಗಿ ಬೋರ್ಡು ಹೊರೆಯಾಗುತ್ತದೆ. ಬೇಕಾದ್ದು ಒಂದು ಅಂಚಿನಿಂದ ಇನ್ನೊಂದಕ್ಕೆ ಥಟ್ಟನೆ ಮಗುಚುವ ಹಲಗೆ. ನಡು ಅಗಲವಾದಷ್ಟೂ ಮಗುಚಲು ಹೊತ್ತು ಬೇಕು. ನಡು ಕಿರಿದಾದರೆ ದೊಡ್ಡ ಪಾದದವರ ಬೂಟಿನ ತುದಿ ಹೊರಚಾಚಿ ಹಿಮಕ್ಕೆ ತಾಗುತ್ತದೆ. ಇಲ್ಲಿ ನೆರವಿಗೆ ಬರುವ ಗುಣ ತಿರುಚು. ಮುಂಗಾಲಿನ ಬೆರಳು ಒತ್ತಿ ಹಿಂಗಾಲಿನ ಹಿಮ್ಮಡಿ ಒತ್ತಿದರೆ ಬೋರ್ಡು ಉದ್ದಕ್ಕೆ ತುಸು ತಿರುಚಿಕೊಂಡು, ಮೂತಿ ಬಾಲಕ್ಕಿಂತ ಮೊದಲೇ ತಿರುವು ಹಿಡಿಯುತ್ತದೆ. ಒಳ್ಳೆಯ ಸವಾರರು ಕಾಡಿನಲ್ಲಿ ಮೈ ಅಲ್ಲಾಡಿಸುವುದೇ ಕಡಿಮೆ, ಅಷ್ಟೂ ಕೆಲಸ ಪಾದಗಳಲ್ಲೇ ಮುಗಿದಿರುತ್ತದೆ.

ಮರಗಳ ಬುಡಕ್ಕೆ ಮಾತ್ರ ಹೋಗಬಾರದು. ಕೆಳಕೊಂಬೆಗಳು ಹಿಮ ತಡೆಯುವುದರಿಂದ ಕಾಂಡದ ಸುತ್ತ ಸಡಿಲ ಹಿಮದ ಗುಂಡಿ ಆಗಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವರು ಉಸಿರುಕಟ್ಟಿ ಸತ್ತ ಪ್ರಕರಣಗಳು ಉತ್ತರ ಅಮೆರಿಕದ ಕಾಡುಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಮರಗಳ ನಡುವಿನ ತೆರಪುಗಳಲ್ಲಿ ಬಿಸಿಲಿನ ಕಾರುಬಾರು. ಗುಲ್ಮಾರ್ಗ್ ಇರುವುದು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ಮಧ್ಯಾಹ್ನವೂ ಸೂರ್ಯ ದಿಗಂತದಿಂದ 32 ಡಿಗ್ರಿ ಮೇಲಿರುತ್ತಾನೆ; ಆಲ್ಪ್ಸ್‌ನಲ್ಲಿ 20ರ ಆಸುಪಾಸು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಮೇಲ್ಪದರ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಹಕ್ಕಳೆಯಾಗುತ್ತದೆ. ಅಡಿಯಲ್ಲಿ ಮೆತ್ತನೆ, ಮೇಲೆ ಒಂದೆರಡು ಸೆಂಟಿಮೀಟರ್ ಬಿರುಸು. ಫ್ರೀರೈಡ್ ಸವಾರನಿಗೆ ಇದಕ್ಕಿಂತ ಕೆಟ್ಟ ಹಿಮ ಇಲ್ಲ. ಚಪ್ಪಟೆಯಾಗಿ ಸಾಗುವವರೆಗೆ ಹಕ್ಕಳೆ ಭಾರ ತಡೆಯುತ್ತದೆ, ತಿರುಗಲೆಂದು ಅಂಚಿಗೆ ಭಾರ ಹಾಕಿದೊಡನೆ ಮುರಿದು ಬೋರ್ಡು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವ ವಿನ್ಯಾಸವೂ ಇದನ್ನು ಗೆದ್ದಿಲ್ಲ. ಉದ್ದ ಮೂತಿಯ ರಾಕರ್ ಸ್ವಲ್ಪ ಸಹಾಯ ಮಾಡುತ್ತದೆ, ಎರಡೂ ಕಾಲಿಗೆ ಸಮಭಾರ ಹಾಕಿ ದೊಡ್ಡ ತಿರುವಿನಲ್ಲಿ ಹೊರಬೀಳುವುದು ಅದಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ.

ಇನ್ನು ಜಾರುವಿಕೆ. ಬೋರ್ಡಿನ ಒತ್ತಡಕ್ಕೆ ಹಿಮ ಕರಗಿ ನೀರಾಗುವುದರಿಂದ ಜಾರುತ್ತದೆ ಎಂಬ ವಿವರಣೆ ಹಳೆಯದು, ತಪ್ಪು ಕೂಡ. ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ಸುಮಾರು 135 ವಾಯುಭಾರದ ಒತ್ತಡ ಬೇಕು. ಬೋರ್ಡು ಹಾಕುವುದು ಒಂದು ವಾಯುಭಾರದ ಐವತ್ತನೇ ಒಂದು ಪಾಲು. ಕೇಂಬ್ರಿಜ್‌ನ ಬೌಡನ್ ಮತ್ತು ಹ್ಯೂಸ್ 1939ರಲ್ಲಿ ತೋರಿಸಿದಂತೆ ನೀರಿನ ತೆಳುಪೊರೆ ಹುಟ್ಟುವುದು ಉಜ್ಜಾಟದ ಶಾಖದಿಂದ. ವಿಪರೀತ ಚಳಿಯಲ್ಲಿ ಆ ಪೊರೆ ಸಾಲದೆ ಹಿಮ ಮರಳಿನಂತೆ ತಡೆಯುತ್ತದೆ. ಬೆಚ್ಚಗಿನ ಒದ್ದೆ ಹಿಮದಲ್ಲಿ ನೀರು ಅತಿಯಾಗಿ ತಳವನ್ನು ಹೀರಿ ಹಿಡಿಯುತ್ತದೆ. ಅದಕ್ಕೇ ತಳಕ್ಕೆ ಸವರಲು ಚಳಿಗೆ ಗಟ್ಟಿ ವ್ಯಾಕ್ಸ್ (ಮೇಣ), ಒದ್ದೆಗೆ ನೀರು ಒಲ್ಲದ ಮೃದು ವ್ಯಾಕ್ಸ್. ಜೊತೆಗೆ ತಳದ ಪ್ಲಾಸ್ಟಿಕ್‌ನಲ್ಲಿ ನೀರು ಹರಿದುಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು. ನೀರನ್ನು ಚೆನ್ನಾಗಿ ಓಡಿಸುತ್ತಿದ್ದ ಫ್ಲೋರಿನ್ ವ್ಯಾಕ್ಸನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ತನ್ನ ಸ್ಪರ್ಧೆಗಳಲ್ಲಿ 2023–24ರ ಋತುವಿನಿಂದ ನಿಷೇಧಿಸಿದೆ. ಆ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಕೊಳೆಯದೆ ಉಳಿಯುತ್ತವೆ. ಅಫರ್ವತ್‌ನ ತೊಂದರೆ ಏನೆಂದರೆ, 1,300 ಮೀಟರ್ ಇಳಿಯುವಷ್ಟರಲ್ಲಿ ಗಾಳಿ ಸಾಮಾನ್ಯವಾಗಿ ಎಂಟು ಡಿಗ್ರಿ ಬೆಚ್ಚಗಾಗಿರುತ್ತದೆ. ಮೇಲೆ ಸರಿಹೋದ ವ್ಯಾಕ್ಸ್ ಕೆಳಗೆ ಅಂಟುತ್ತದೆ.

ಅಂಟುವುದು ಸರಿಯಾಗಿ ಬಯಲು ಶುರುವಾಗುವ ಕಡೆಗೆ. ಸ್ಕೀಯವರು ಕೋಲೂರಿಕೊಂಡು ಮುಂದೆ ಹೋಗುತ್ತಾರೆ, ಬೋರ್ಡಿನವನು ಒಂದು ಕಾಲು ಬಿಚ್ಚಿ ಹಿಮ ಒದೆಯುತ್ತ ಹಿಂದೆ ಬೀಳುತ್ತಾನೆ. ಸಮನೆಲದ ಸ್ಕೀ ಓಟ ಬೇರೆಯೇ ವಿದ್ಯೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕರ್ನಾಟಕಕ್ಕೆ ಖೇಲೋ ಇಂಡಿಯಾ ಪದಕ ತಂದದ್ದು ಇದೇ ಗುಲ್ಮಾರ್ಗ್‌ನ ಹಿಮದಲ್ಲಿ, ಆ ವಿದ್ಯೆಯಲ್ಲಿ. ಬೋರ್ಡಿನವರ ಈ ಬವಣೆಗೆ ಯೂಟಾದ ಬ್ರೆಟ್ ಕೊಬರ್ನಿಕ್ 1990ರ ದಶಕದ ಆರಂಭದಲ್ಲಿ ಬೋರ್ಡನ್ನೇ ಉದ್ದಕ್ಕೆ ಎರಡು ಸೀಳಾಗಿ ಕೊಯ್ದು ಉತ್ತರ ಹುಡುಕಿದ. ಹತ್ತುವಾಗ ಎರಡು ಸ್ಕೀ, ಇಳಿಯುವಾಗ ಜೋಡಿಸಿದರೆ ಒಂದು ಬೋರ್ಡು. ಅದರ ಬೆಲೆಯನ್ನು ತಿರುಚಿನ ಬಿಗಿಯಲ್ಲಿ ತೆರಬೇಕು: ನಡುವಿನ ಸೀಳು ಎಷ್ಟು ಬಿಗಿದರೂ ತುಸು ಅಲುಗುತ್ತದೆ.

ಮಾರ್ಚ್ ಬಂದರೆ ಲೆಕ್ಕ ಮತ್ತೆ ಬದಲು. ಕರಗಿ ಹೆಪ್ಪುಗಟ್ಟಿ, ಕರಗಿ ಹೆಪ್ಪುಗಟ್ಟಿ ಹಿಮ ದಪ್ಪ ರವೆಯಾಗುತ್ತದೆ. ಬೆಳಗ್ಗೆ ಕಲ್ಲು, ಮಧ್ಯಾಹ್ನ ಕೆಸರು, ನಡುವೆ ಒಂದೆರಡು ಗಂಟೆ ಮೇಲಿನ ಎರಡು ಸೆಂಟಿಮೀಟರ್ ಮಾತ್ರ ಸಡಿಲಾಗಿ ಅಂಚು ಬೆಣ್ಣೆ ಕೊಯ್ದಂತೆ ಸಾಗುತ್ತದೆ. ಆ ಹೊತ್ತಿಗೆ ಯಾವ ಬೋರ್ಡಾದರೂ ಸರಿ.

ಹಾಗಾದರೆ ಯಾವುದು ಉತ್ತಮ ಫ್ರೀರೈಡ್ ಬೋರ್ಡು? ಸ್ವಿಟ್ಸರ್ಲೆಂಡಿನ ವೆರ್ಬಿಯೆಯಲ್ಲಿ 1996ರಿಂದ ನಡೆಯುತ್ತಿರುವ ಎಕ್ಸ್‌ಟ್ರೀಮ್ ಸ್ಪರ್ಧೆ, ಬೆಕ್ ದೆ ರೋಸ್ ಶಿಖರದ ಕಡಿದಾದ ಮುಖದ ಮೇಲೆ, ಶುರುವಿನಲ್ಲಿ ಬರೀ ಸ್ನೋಬೋರ್ಡಿನವರದಾಗಿತ್ತು. ಅಲ್ಲಿ ಪೂರ್ವಾಭ್ಯಾಸಕ್ಕೆ ಅವಕಾಶವಿಲ್ಲ. ಎದುರು ಬೆಟ್ಟದಿಂದ ದುರ್ಬೀನಿನಲ್ಲಿ ನೋಡಿ ದಾರಿ ಗೊತ್ತುಮಾಡಬೇಕು. ಅಂಥವರು ಬಿಗಿ ಬಾಲದ, ಕಾಲಡಿ ಕ್ಯಾಂಬರ್ ಇರುವ ಬೋರ್ಡನ್ನು ನೆಚ್ಚುತ್ತಾರೆ, ಏಕೆಂದರೆ ಪೌಡರ್‌ನಲ್ಲಿ ಮುಳುಗಿದರೆ ಮಾನ ಹೋಗುತ್ತದೆ, ಬಂಡೆಯ ಮೇಲಿನ ಗಟ್ಟಿ ಹಿಮದಲ್ಲಿ ಜಾರಿದರೆ ಜೀವವೇ ಹೋಗುತ್ತದೆ. ಅಫರ್ವತ್‌ನಂಥ ಬೆಟ್ಟಕ್ಕೂ ಇದೇ ನ್ಯಾಯ. ಪೌಡರ್‌ಗೆಂದೇ ಮಾಡಿದ ಅಗಲ ಮೂತಿಯ ಗಿಡ್ಡ ಬೋರ್ಡು ಹಿಮ ಬಿದ್ದ ಮರುದಿನ ಸ್ವರ್ಗ ತೋರಿಸುತ್ತದೆ, ವಾರ ಕಳೆದ ಮೇಲೆ ದಿಣ್ಣೆ ದಾಟಿಸುವಷ್ಟರಲ್ಲಿ ಸುಸ್ತು ಮಾಡುತ್ತದೆ. ಒಂದೇ ಬೋರ್ಡು ಕೊಳ್ಳುವವರು ಮಧ್ಯಮ ಬಿಗಿಯ, ಮೂತಿಯಲ್ಲಷ್ಟೇ ರಾಕರ್ ಇರುವ, ಸಣ್ಣ ಟೇಪರಿನ ಹಲಗೆ ಹಿಡಿಯುವುದು ಲೇಸು.

ಬೋರ್ಡು ಎಷ್ಟೇ ಒಳ್ಳೆಯದಿದ್ದರೂ ಹಿಮಕುಸಿತದ ಮುಂದೆ ಅದು ಬರೀ ಹಲಗೆ. ಪದರ ಪದರವಾಗಿ ಕೂತ ಹಿಮ ಕಳಚಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸವಾರರು ಹುಡುಕಿ ಹೋಗುವುದೂ ಅಂಥದನ್ನೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಬೋಳಾಗಿತ್ತು, ಆಮೇಲೆ ಹಿಮ ಸುರಿಯಿತು, ಫೆಬ್ರವರಿ 22ರಂದು ಅಫರ್ವತ್‌ನಲ್ಲಿ ಹಿಮ ಕುಸಿದು ರಷ್ಯಾದ ಸ್ಕೀಗಾರರೊಬ್ಬರು ಸತ್ತರು. ಹಿಮದಡಿ ಸಿಕ್ಕವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಳಿಯುವುದಿಲ್ಲ. ಅಷ್ಟು ಬೇಗ ಹೊರಗಿನ ನೆರವು ತಲುಪುವುದು ಅಪರೂಪ. ಪಕ್ಕದಲ್ಲಿರುವ ಜೊತೆಗಾರನೇ ಅಗೆಯಬೇಕು.

ಗುಲ್ಮಾರ್ಗ್‌ಗೆ ಬೋರ್ಡು ಕಲಿಯಲು ಹೋಗುವಿರಾದರೆ ಮೊದಲ ದಿನಗಳನ್ನು ಕೆಳಗಿನ ಬಯಲಿನಲ್ಲೇ, ಬಾಡಿಗೆ ಬೋರ್ಡಿನಲ್ಲೇ ಕಳೆಯಿರಿ. ಎರಡನೇ ಹಂತಕ್ಕೆ ಏರುವ ದಿನ ರಕ್ಷಣಾ ಸಂಶೋಧನೆಯ ಹಿಮಕುಸಿತ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಮುನ್ಸೂಚನೆ ನೋಡಿ, ಸ್ಥಳೀಯ ಗೈಡ್ ಜೊತೆ ಮಾಡಿಕೊಳ್ಳಿ. ಹಿಮದಡಿ ಸಿಕ್ಕವರ ಸುಳಿವು ಕೊಡುವ ಟ್ರಾನ್ಸೀವರ್, ಸಲಿಕೆ, ತಿವಿದು ಹುಡುಕುವ ಉದ್ದ ಸರಳು ಮೂರೂ ನಿಮ್ಮ ಬಳಿಯೂ ಇರಲಿ, ಜೊತೆಗಾರನ ಬಳಿಯೂ ಇರಲಿ.